ಸಾರ್ ಬಂದಿಲ್ವಾ ಮೇಡಂ?

ಹೆಂಗಸರಿಗೆ ಕಾರು ರಿಪೇರಿ ಕಲಿಸುವ ಶಿಬಿರಗಳನ್ನು ಸರ್ಕಾರ ಕೂಡಲೇ ನಿಲ್ಲಿಸಬೇಕು. ಮಾರ್ಚ್ 8ರಂದು ನಡೆಯುವವುಗಳ ಬಗ್ಗೆ ನಮ್ಮ ತಕರಾರಿಲ್ಲ. ಅಲ್ಲಿ ಗುಲಾಬಿ ಟೀ ಶರ್ಟು ಹಂಚುತ್ತಾರೆ, ಮುಖ್ಯ ಅತಿಥಿಗಳು ಸ್ತ್ರೀಶಕ್ತಿಯ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಾರೆ, ಬಾನೆಟ್ ಎತ್ತುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಭಯವಿರುವುದು ನಿಜವಾಗಿಯೂ ಕಲಿಸಿಬಿಡುವವರದ್ದು.

ಈಗಿನ ವ್ಯವಸ್ಥೆ ಎಷ್ಟು ಸಲೀಸು ನೋಡಿ. ಸರ್ವೀಸ್ ಸೆಂಟರಿಗೆ ಹೆಂಗಸೊಬ್ಬಳೇ ಬಂದರೆ ಅಡ್ವೈಸರ್ ಮೊದಲು ಕೇಳುವುದೇ "ಸಾರ್ ಬಂದಿಲ್ವಾ ಮೇಡಂ?" ಅಂತ. ಬಂದಿಲ್ಲವೆಂದು ಖಾತ್ರಿಯಾದ ಮೇಲೆ ಎಂಜಿನ್ ಫ್ಲಷಿಂಗ್, ಥ್ರಾಟಲ್ ಕ್ಲೀನಿಂಗ್, ಎ.ಸಿ. ಟ್ರೀಟ್‌ಮೆಂಟುಗಳೆಲ್ಲ ಒಂದೊಂದಾಗಿ ಎಸ್ಟಿಮೇಟಿಗೆ ಇಳಿಯುತ್ತವೆ. ಕಲಿತವಳು ಬಂದು, "ಇವೆಲ್ಲ ಮಾಡಿಸ್ಬೇಕು ಅಂತ ಕಂಪನಿ ಪುಸ್ತಕದಲ್ಲಿ ಎಲ್ಲಿದೆ, ತೋರ್ಸಿ" ಎಂದರೆ? "ಬ್ರೇಕ್ ಪ್ಯಾಡ್ ಬದಲಾಯಿಸಿದ್ದೀರಲ್ಲ, ಹಳೇದನ್ನ ಡಿಕ್ಕೀಲಿ ಹಾಕಿ" ಎಂದರೆ? ಎಲ್ಲಿಂದ ತರುವುದು ಪಾಪ, ಹಳೆಯದು ಇನ್ನೂ ಚಕ್ರದಲ್ಲೇ ಇದೆ!

ಯಜಮಾನರ ಪಾಡಂತೂ ಕೇಳಲೇಬೇಡಿ. ಗಾಡಿ ಕೆಟ್ಟಾಗ ಬಾನೆಟ್ ಎತ್ತಿ, ಸೊಂಟಕ್ಕೆ ಕೈಕೊಟ್ಟು, ಒಂದೆರಡು ವೈರು ಅಲ್ಲಾಡಿಸಿ, "ಕಾರ್ಬುರೇಟರ್ ಪ್ರಾಬ್ಲಮ್ಮು" ಎಂದು ಘೋಷಿಸುವುದು ನಮ್ಮ ಪಿತ್ರಾರ್ಜಿತ ಹಕ್ಕು. ಈಗಿನ ಕಾರಿನಲ್ಲಿ ಕಾರ್ಬುರೇಟರೇ ಇರುವುದಿಲ್ಲ ಎಂಬುದು ಹಿಂದಿನ ಸೀಟಿನವರಿಗೆ ತಿಳಿಯದಿದ್ದರಾಯಿತು. ಹಾಸನದ ದಾರಿಯಲ್ಲಿ ಟೀ ಕುಡಿದು ಬಂದು ಕೀ ತಿರುಗಿಸಿದಿರಿ, ಗಾಡಿ 'ಕಟ ಕಟ' ಎಂದು ಸುಮ್ಮನಾಯಿತು ಅನ್ನಿ. ಪಕ್ಕದಲ್ಲಿದ್ದವಳು ಇಳಿದು, ಬ್ಯಾಟರಿ ಟರ್ಮಿನಲ್ಲಿನ ಮೇಲೆ ಬೂಷ್ಟಿನ ಹಾಗೆ ಕಟ್ಟಿದ ಬಿಳಿ ಪುಡಿ ತೋರಿಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಕಳಚಿ, "ರೀ, ಹೋಟ್ಲಲ್ಲಿ ಸ್ವಲ್ಪ ಬಿಸಿನೀರು ಇಸ್ಕೊಂಡ್ ಬನ್ನಿ" ಎನ್ನುತ್ತಾಳೆ. ಇಷ್ಟು ವರ್ಷ ಬಿಸಿನೀರು ಕಾಯಿಸಿದವರು ಯಾರು, ಈಗ ಚೊಂಬು ಹಿಡಿದು ಓಡುವವರು ಯಾರು!

ಈ ಪಿಡುಗು ಹೊಸದೂ ಅಲ್ಲ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಕೇಳದೆ ಅವನು ಮಾಡಿದ ಕಾರಿನಲ್ಲಿ ಗಂಡುಮಕ್ಕಳಿಬ್ಬರನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟೇಬಿಟ್ಟಳು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕ್ ಸವೆದಾಗ ದಾರಿಯಲ್ಲಿ ಸಿಕ್ಕ ಮೋಚಿಯಿಂದ ಚರ್ಮ ಹೊಡೆಸಿದಳು. ಸಾಲದ್ದಕ್ಕೆ, ಗಂಡನ ಕಾರ್ಖಾನೆ ಉಳಿದದ್ದೂ ಅವಳ ವರದಕ್ಷಿಣೆ ಹಣದಿಂದ. ಪುಣ್ಯಕ್ಕೆ 1886ರ ಪೇಟೆಂಟಿನಲ್ಲಿರುವುದು ಸಾರ್ ಕಂಪನಿಯ ಹೆಸರು ಮಾತ್ರ.

ಆದ್ದರಿಂದ ಕಲಿಸಲೇಬೇಕೆಂದಿದ್ದರೆ ಮೊದಲು ಗಂಡಸರಿಗೆ, ಗುಟ್ಟಾಗಿ, ರಾತ್ರಿ ತರಗತಿ ಮಾಡಿ. ಡಿಪ್‌ಸ್ಟಿಕ್ ಎಲ್ಲಿರುತ್ತದೆ, ಟೈರಿಗೆ ಎಷ್ಟು ಗಾಳಿ ಎಂಬ ಚೀಟಿ ಯಾವ ಬಾಗಿಲ ಸಂದಿಯಲ್ಲಿ ಅಂಟಿಸಿದೆ, ಇಷ್ಟು ಸಾಕು ಆರಂಭಕ್ಕೆ. ಹಾಜರಿ ಹಾಕುವಂತಿಲ್ಲ. ಮನೆಯಲ್ಲಿ ಕೇಳಿದರೆ ಇಸ್ಪೀಟಾಡಲು ಹೋಗಿದ್ದೆವು ಅಂತ ನಾವೇ ಹೇಳಿಕೊಳ್ಳುತ್ತೇವೆ.