ತ್ರೀಫೇಸು ಬಂದ್ರೆ ಮೋಟ್ರು, ಇಲ್ಲಾಂದ್ರೆ ನಿದ್ದೆ

ಶನಿವಾರ ಬೆಳಗಾದರೆ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಮಾಕಳಿದುರ್ಗಕ್ಕೆ ಬಂದು ಸಾಲುಗಟ್ಟಿ ಬೆಟ್ಟ ಹತ್ತುತ್ತಾರೆ. ವಾರವಿಡೀ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು ದಣಿದ ಜೀವಗಳು. ಕೋಟೆ ಮೇಲೆ ಗಾಳಿ ಕುಡಿದು, ನಂದಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗಬೇಕು. ಕೆಳಗಿನ ಹೊಲದಲ್ಲಿ ಪಂಚೆ ಎತ್ತಿ ಕಟ್ಟಿದ ಯಜಮಾನರೊಬ್ಬರು ಅದೇ ಪೈಥಾನಿನಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದರೆ ಇವರು ನಂಬುವುದಿಲ್ಲ. ಯಜಮಾನರಿಗೆ ಇಂಗ್ಲಿಷ್ ಓದಲು ಬಾರದು ಎಂದರಂತೂ ನಕ್ಕೇ ಬಿಡುತ್ತಾರೆ. ನಗಲಿ ಬಿಡಿ, ಬೆಟ್ಟ ಹತ್ತುವಾಗ ನಗುವಷ್ಟು ಉಸಿರು ಉಳಿದಿದ್ದರೆ.

ಇದಕ್ಕೆಲ್ಲ ಕಾರಣ ಯಜಮಾನರ ಸೋದರಳಿಯ. ಡಿಪ್ಲೊಮಾ ಓದುವ ಹುಡುಗ, ಬೆಂಗಳೂರಿನ ಎಸ್.ಪಿ. ರೋಡಿನಿಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಬೆರಳುದ್ದದ ಬೋರ್ಡು ತಂದ. 2021ರಲ್ಲಿ ನಾಲ್ಕು ಡಾಲರಿಗೆ ಮಾರಾಟಕ್ಕೆ ಬಂದ ಸಾಮಾನು. ಅದರ ರ್‍ಯಾಮು 264 ಕಿಲೋಬೈಟು. ನಿಮ್ಮ ದೊಡ್ಡಪ್ಪ ದಿನಾ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ ಹಿಡಿಸುವುದೂ ಅನುಮಾನ. ಅಷ್ಟರಲ್ಲೇ ಪೈಥಾನ್ ಓಡಬೇಕು. ಓಡುತ್ತದೆ! 2013ರಲ್ಲಿ ಡೇಮಿಯನ್ ಜಾರ್ಜ್ ಎಂಬ ಆಸ್ಟ್ರೇಲಿಯಾದ ಭೌತವಿಜ್ಞಾನಿ ಅಂತರ್ಜಾಲದಲ್ಲಿ ಜನರಿಂದ ಚಂದಾ ಎತ್ತಿ, ಪೈಥಾನನ್ನು ಕುಗ್ಗಿಸಿ ಮೈಕ್ರೊಪೈಥಾನ್ ಮಾಡಿದ. ಚಂದಾ ಎತ್ತಿದ ಕೆಲಸ ಮುಗಿಸಿ ತೋರಿಸುವವರೂ ಲೋಕದಲ್ಲಿದ್ದಾರೆ, ನೋಡಿ.

ಮೊದಲಾದರೆ ಇಂಥ ಚಿಪ್ಪಿಗೆ ಸಿ ಭಾಷೆಯಲ್ಲಿ ಬರೆದು, ಸೆಮಿಕೋಲನ್ ಬಿಟ್ಟದ್ದಕ್ಕೆ ಬೈಸಿಕೊಂಡು, ಕಂಪೈಲ್ ಮಾಡಿ, ಏರಿಸಿ ನೋಡಬೇಕಿತ್ತು. ಈಗ ಪಿಕೊದ ಗುಂಡಿ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದರೆ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಮೈಕ್ರೊಪೈಥಾನ್ ಫೈಲನ್ನು ಅದರೊಳಕ್ಕೆ ಎಳೆದು ಹಾಕಿದರೆ ಆಯಿತು. ಆಮೇಲೆ ಥಾನಿ ಎಂಬ ತಂತ್ರಾಂಶದಲ್ಲಿ ಒಂದು ಸಾಲು ಬರೆದರೆ ಬೋರ್ಡು ಅಲ್ಲೇ ಮರುಮಾತು ಕೊಡುತ್ತದೆ. ಪುಟ್ಟ ದೀಪ ಮಿಣುಕಿತು, ಹುಡುಗ ಕುಣಿದ. ಪೈಥಾನ್ ಅಂದರೆ ಹೆಬ್ಬಾವು ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡ ಅಜ್ಜಿ, "ಮೊದ್ಲು ಘಾಟಿ ಸುಬ್ರಮಣ್ಯಕ್ಕೆ ಹೋಗಿ ಕೈಮುಗ್ದು ಬಾ" ಎಂದರು. ಆ ಹೆಸರು ಬಂದದ್ದು ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯ ಕಾರ್ಯಕ್ರಮದಿಂದ ಅಂತ ಹುಡುಗ ವಾದಿಸಿದ. ಅಜ್ಜಿ ಒಪ್ಪಲಿಲ್ಲ. ಘಾಟಿ ಪಕ್ಕದಲ್ಲೇ ಇರುವಾಗ ಬ್ರಿಟನ್ನಿಗೆ ಯಾಕೆ ಹೋಗಬೇಕು?

ಮಾವನದು ಒಂದೇ ಪ್ರಶ್ನೆ: "ದೀಪ ಮಿಣುಕ್ಸೋಕೆ ಇಷ್ಟೆಲ್ಲಾನಾ? ಮೋಟ್ರು ಹಾಕ್ತದಾ ಹೇಳು."

ಪಾಠ ಉಲ್ಟಾ ಆದದ್ದು ಅಲ್ಲಿಂದ. ತ್ರೀಫೇಸು ಬಂದರೆ ಮೋಟ್ರು ಹಾಕು, ಹೋದರೆ ಸುಮ್ಮನಿರು ಎಂದು ಹುಡುಗ ಎರಡು ಸಾಲು ಬರೆದ. ಬೋರ್ಡಿನ 3.3 ವೋಲ್ಟಿಗೆ ಮೋಟ್ರು ಎಬ್ಬಿಸುವ ತಾಕತ್ತಿಲ್ಲ, ಅದು ರಿಲೇ ಒತ್ತುತ್ತದೆ, ರಿಲೇ ಸ್ಟಾರ್ಟರ್ ಎಬ್ಬಿಸುತ್ತದೆ ಅಂತೆಲ್ಲ ವಿವರಿಸಿದ. ಮಾವ ಬೀಡಿ ಹಚ್ಚಿದರು.

"ಕರೆಂಟು ಬಂದೇಟ್ಗೆ ಹಾಕ್ಬಿಡ್ತದಾ?"

"ಮಿಲಿಸೆಕೆಂಡಲ್ಲಿ, ಮಾವ!"

"ಹಂಗಾದ್ರೆ ಬ್ಯಾಡ. ಲೈನಲ್ಲಿರೋ ಮೋಟ್ರೆಲ್ಲ ಒಂದೇ ಸಲ ಎದ್ರೆ ಟ್ರಾನ್ಸ್‌ಫಾರ್ಮರ್ ಗತಿ ಏನ್ಲಾ?"

ಮೋಟರು ಎದ್ದೇಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ ಎಂಬುದು ಹುಡುಗನ ಪುಸ್ತಕದಲ್ಲೂ ಇತ್ತು, ಪರೀಕ್ಷೆಗೆಂದು ಮಾತ್ರ. ಅವನು ಕಾಯುವ ಸಾಲೊಂದು ಸೇರಿಸಿದ. ಎರಡೇ ಫೇಸು ಬಂದ್ರೆ? ಕಾಯಿಲು ಸುಡುತ್ತದೆ; ಇನ್ನೊಂದು ಸಾಲು. ಬೋರಲ್ಲಿ ನೀರು ನಿಂತ್ರೆ? ಸಬ್‌ಮರ್ಸಿಬಲ್ಲಿಗೆ ನೀರೇ ತಂಪು, ಒಣಗಿ ಓಡಿದರೆ ಮಟಾಷ್, ಮತ್ತೊಂದು. ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡಿದ್ರೆ? ಮಾವನ ಒಂದೊಂದು 'ರೆ'ಗೂ ಪೈಥಾನಿನಲ್ಲಿ ಒಂದೊಂದು 'ಇಫ್' ಬಿತ್ತು. ಇಷ್ಟು ವರ್ಷ ನಡುರಾತ್ರಿ ಟಾರ್ಚು ಹಿಡಿದು ಬೋರಿನ ಹತ್ತಿರ ನಡೆದ ಮನುಷ್ಯ. ಆ ಪ್ರೋಗ್ರಾಮು ಅವರ ಕಾಲಲ್ಲೇ ಇತ್ತು, ಹುಡುಗ ಟೈಪು ಮಾಡಿದ ಅಷ್ಟೆ.

ಈ ತಾಲ್ಲೂಕಿಗೆ ಇದೇನು ಹೊಸದೂ ಅಲ್ಲ ಅನ್ನಿ. ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ರಟ್ಟಿನ ಕಾರ್ಡುಗಳ ಸರ ತಿರುಗುತ್ತಿತ್ತಲ್ಲ, ತೂತಿದ್ದರೆ ಎಳೆ ಎತ್ತು, ಇಲ್ಲದಿದ್ದರೆ ಬಿಡು ಎನ್ನುವ ಜಕಾರ್ಡು? ಫ್ರಾನ್ಸಿನಲ್ಲಿ 1804ರ ಸುಮಾರಿಗೆ ಹುಟ್ಟಿದ ಆ ಉಪಾಯವೇ ಮುಂದೆ ಕಂಪ್ಯೂಟರಿನ ಕಾರ್ಡುಗಳಿಗೆ ದಾರಿ ತೋರಿಸಿತು. ಸೀರೆಯ ಸೆರಗಿನಲ್ಲಿ ನವಿಲು ಮೂಡಿಸಿದವರನ್ನು ಯಾರೂ ಪ್ರೋಗ್ರಾಮರ್ ಎಂದು ಕರೆಯಲಿಲ್ಲ. ಕರೆದಿದ್ದರೆ ಸಂಬಳ ಕೇಳುತ್ತಿದ್ದರೇನೋ.

ಒಂದು ದಿನ ಕರೆಂಟು ಹೋಗಿ ಬಂತು, ಬೋರ್ಡು ಎದ್ದೇಳಲಿಲ್ಲ. ಮೈಕ್ರೊಪೈಥಾನಿನ ಬೋರ್ಡು ಕರೆಂಟು ಬಂದೊಡನೆ ಹುಡುಕುವುದು ಮೇನ್.ಪೈ ಎಂಬ ಹೆಸರಿನ ಫೈಲನ್ನು. ಹುಡುಗ 'ಮಾವ.ಪೈ' ಎಂದು ಹೆಸರಿಟ್ಟಿದ್ದ. ಗೌರವಕ್ಕೆ.

ಆಮೇಲೆ ಟೊಮೆಟೊ ಸಾಲಿಗೆ ತೇವ ಅಳೆಯುವ ಸೆನ್ಸರ್ ಬಂತು. ಎರಡು ಕಡ್ಡಿಯ ಅಗ್ಗದ್ದು ಮಣ್ಣಲ್ಲಿ ಬೇಗ ಸವೆದುಹೋಗುತ್ತದೆಂದು ಹುಡುಗ ಕೆಪ್ಯಾಸಿಟಿವ್ ತಂದಿದ್ದ. ಅದು 0ಯಿಂದ 65535ರೊಳಗೆ ಒಂದು ಅಂಕಿ ಹೇಳುತ್ತದೆ. ಮಣ್ಣು ಒಣಗಿದಷ್ಟೂ ಅಂಕಿ ಹೆಚ್ಚು. "ಉಲ್ಟಾ ಕಣ್ಲಾ ನಿನ್ ಕಂಪ್ಯೂಟ್ರು!" ಎಂದು ಮಾವ ಒಂದು ಹಿಡಿ ಮಣ್ಣು ಹಿಸುಕಿ, "ಇದು ಹದ, ಬರ್ಕೊ" ಎಂದರು. ಬರೆದುಕೊಂಡ. ಆ ಅಂಕಿಯೇ ಈಗ ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಪಕ್ಕದ ಹೊಲದವರಿಗೆ ತಡೆಯಲಾಗಲಿಲ್ಲ. "ಅಂಗಡೀಲಿ ಮೊಬೈಲ್ ಸ್ಟಾರ್ಟರ್ರೇ ಸಿಗ್ತದಲ್ಲ, ಕೊಂಡ್ಕೊಂಡ್ರೆ ಆಗಲ್ವಾ?"

"ಅದಕ್ಕೆ ಬೈದ್ರೆ ಕೇಳ್ತದಾ?" ಎಂದರು ಮಾವ. "ಇದಕ್ಕೆ ಬೈದ್ರೆ ಇವ್ನು ಕೂತ್ಕೊಂಡು ತಿದ್ತಾನೆ."