ಕಣ್ಣೋ, ಕಿವಿಯೋ: ಆರಿಫ್ಲೆಕ್ಸ್ ಟು-ಸಿ ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಆರಿಫ್ಲೆಕ್ಸ್ 35 ಟು-ಸಿ ಕ್ಯಾಮೆರಾ ನಿಮ್ಮ ಕೈ ಸೇರಿದೆ. ಕೊಂಡುಕೊಂಡಿದ್ದೀರಿ ಎಂಬ ಭ್ರಮೆ ನಮಗಿಲ್ಲ. ಔಟ್‌ಡೋರ್ ಯೂನಿಟ್‌ನಿಂದ ದಿನಬಾಡಿಗೆಗೆ ತಂದಿದ್ದೀರಿ, ಸಂಜೆಗೆ ಕಾಲ್‌ಷೀಟ್ ಮುಗಿಯುತ್ತದೆ, ಬೆಳಕು ಅದಕ್ಕೂ ಮೊದಲೇ ಮುಗಿಯುತ್ತದೆ. ಆದ್ದರಿಂದ ಬೇಗ ಹೇಳಿ ಮುಗಿಸುತ್ತೇವೆ.

ಪೆಟ್ಟಿಗೆಯ ಜೊತೆಗೆ ಒಬ್ಬ ಅಟೆಂಡರ್ ಕೂಡ ಬಂದಿರುತ್ತಾರೆ. ಈ ಕೈಪಿಡಿಯಲ್ಲಿರುವುದೆಲ್ಲ ಅವರಿಗೆ ಗೊತ್ತು, ಹಾಗಾಗಿ ಅವರು ಓದುವುದಿಲ್ಲ. ಗೊತ್ತಿಲ್ಲದ ಸಹಾಯಕ ನಿರ್ದೇಶಕರು ಓದಬೇಕು, ಅವರಿಗೆ ಪುರುಸೊತ್ತಿಲ್ಲ. ಉಳಿದವರು ನೀವು.

ಕೈಪಿಡಿಯಲ್ಲಿ ಎರಡೇ ವಿಷಯ: ಫೋಕಸ್ ಕರಾರುವಾಕ್ಕಾಗಿ ಕೂರಿಸುವುದು, ಕ್ಯಾಮೆರಾದ ಸದ್ದು ಅಡಗಿಸುವುದು. ಎರಡೂ ಒಟ್ಟಿಗೆ ಬೇಕು ಅನ್ನುವವರು ಪೆಟ್ಟಿಗೆ ಮುಚ್ಚಿ ಈಗಲೇ ವಾಪಸು ಕಳಿಸಬಹುದು. ಈ ಯಂತ್ರ ನೋಡಲು ಕೊಡುತ್ತದೆ, ಕೇಳಲು ಬಿಡುವುದಿಲ್ಲ. ಕೇಳಲು ಬಿಡುವ ಕ್ಯಾಮೆರಾ ಬೇರೆಯೇ ಇತ್ತು. ಅದು ನೋಡಲು ಕೊಡುತ್ತಿರಲಿಲ್ಲ.

ವಂಶಾವಳಿ (ಬಿಟ್ಟು ಓದಿದರೂ ಕ್ಯಾಮೆರಾ ಓಡುತ್ತದೆ)

ತಯಾರಕರು ಮ್ಯೂನಿಕ್ ನಗರದವರು. ಅರ್ನಾಲ್ಡ್ ಮತ್ತು ರಿಕ್ಟರ್ ಎಂಬ ಇಬ್ಬರು 1917ರಲ್ಲಿ ಕಟ್ಟಿದ ಕಂಪನಿ; ಇಬ್ಬರ ಹೆಸರಿನ ಮೊದಲೆರಡು ಅಕ್ಷರ ಸೇರಿ ‘ಆರಿ’. 1937ರಲ್ಲಿ ಅವರು ತಿರುಗುವ ಕನ್ನಡಿಯ ಷಟರ್ ಇರುವ ಕ್ಯಾಮೆರಾ ಹೊರತಂದರು. ಅದರ ವಿನ್ಯಾಸ ಮಾಡಿದ ಇಂಜಿನಿಯರ್ ಎರಿಕ್ ಕೆಸ್ಟ್ನರ್. ಮಕ್ಕಳ ಕಾದಂಬರಿ ಬರೆದ ಅದೇ ಹೆಸರಿನ ಜರ್ಮನ್ ಲೇಖಕನಲ್ಲ, ಗೊಂದಲ ಬೇಡ. ನಿಮ್ಮ ಕೈಯಲ್ಲಿರುವ ಟು-ಸಿ 1964ರ ಸುಧಾರಿತ ಮಾದರಿ. ಮೇಲೆ ಮ್ಯಾಗಜಿನ್, ಮುಂದೆ ಮೂರು ಲೆನ್ಸ್ ಕೂರುವ ತಿರುಗಣೆ, ಕೆಳಗೆ ಕೈಹಿಡಿಯೂ ಆಗುವ ಮೋಟಾರು. ಹೆಗಲ ಮೇಲಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಓಡಬಹುದು. ನಮ್ಮ ದೇಶದ ಸಿನಿಮಾ ಸ್ಟುಡಿಯೊ ಬಿಟ್ಟು ಹೊರಗೆ ಕಾಲಿಟ್ಟದ್ದರಲ್ಲಿ ಈ ಹಗುರ ತೂಕದ ಪಾಲು ದೊಡ್ಡದು.

ನಿಮ್ಮ ಕಣ್ಣನ್ನು ಮೊದಲು ಸರಿಪಡಿಸಿಕೊಳ್ಳಿ

ಕಣ್ಣುಗೂಡಿನ ಒಳಗೆ ನೋಡಿ. ಕಾಣುವುದು ನಾಯಕಿಯಲ್ಲ, ಉಜ್ಜಿದ ಗಾಜಿನ ಮೇಲೆ ಬಿದ್ದ ನಾಯಕಿಯ ಬಿಂಬ. ನೀವು ನೋಡಬೇಕಾದದ್ದು ಮೊದಲು ಗಾಜನ್ನು. ಲೆನ್ಸ್ ಪೂರ್ತಿ ಮಸುಕಾಗಿಸಿ, ಗಾಜಿನ ಮೇಲಿನ ಚೌಕಟ್ಟಿನ ಗೆರೆಯೂ ಅದರ ಸಣ್ಣ ತರಿಯೂ ಚುರುಕಾಗಿ ಕಾಣುವ ತನಕ ಕಣ್ಣುಗೂಡಿನ ಉಂಗುರ ತಿರುಗಿಸಿ, ಬಿಗಿ ಮಾಡಿ. ಇದು ನಿಮ್ಮ ಕಣ್ಣಿನ ಅಳತೆ. ಆಮೇಲೆ ನಿರ್ದೇಶಕರು ಬಂದು ‘ಒಂದ್ನಿಮಿಷ ನೋಡ್ತೀನಿ’ ಎಂದು ಅದೇ ಉಂಗುರವನ್ನು ತಮ್ಮ ಕಣ್ಣಿಗೆ ತಿರುಗಿಸಿಕೊಳ್ಳುತ್ತಾರೆ. ನಿರ್ಮಾಪಕರ ಭಾವಮೈದ ಕೂಡ. ಅವರನ್ನು ತಡೆಯುವ ಉಪಕರಣವನ್ನು ಕಂಪನಿ ಇನ್ನೂ ತಯಾರಿಸಿಲ್ಲ. ಅವರು ಹೋದ ಮೇಲೆ ಇನ್ನೊಮ್ಮೆ ಮಾಡಿ.

ಫೋಕಸ್ ನೋಡುವಾಗ ಅಪರ್ಚರ್ ಪೂರ್ತಿ ತೆರೆದಿರಲಿ. ತೆರೆದಷ್ಟೂ ಬಿಂಬ ಬೆಳಗುತ್ತದೆ, ತಪ್ಪು ಬೇಗ ಸಿಕ್ಕಿಬೀಳುತ್ತದೆ. ನೋಡಿಯಾದ ಮೇಲೆ ಷಾಟ್‌ಗೆ ಬೇಕಾದ ಸ್ಟಾಪಿಗೆ ಮುಚ್ಚಲು ಮರೆಯಬೇಡಿ. ಮರೆತರೆ ಅತ್ಯಂತ ಸ್ಪಷ್ಟವಾಗಿ ಫೋಕಸ್ ಆದ ಬಿಳೀ ಆಕಾಶ ನಿಮ್ಮದಾಗುತ್ತದೆ. ಜೂಮ್ ಲೆನ್ಸಾದರೆ ಪೂರ್ತಿ ಹತ್ತಿರಕ್ಕೆ ಎಳೆದು, ಕಣ್ಣಿನ ರೆಪ್ಪೆಗೆ ಫೋಕಸ್ ಮಾಡಿ, ಆಮೇಲೆ ಹಿಂದಕ್ಕೆ ಬನ್ನಿ. ಷಾಟ್ ಓಡುವಾಗ ಕಣ್ಣು ತೆಗೆಯಬೇಡಿ: ತೆರೆದ ಕಣ್ಣುಗೂಡಿನಿಂದ ಬಿಸಿಲು ಒಳನುಗ್ಗಿ ಫಿಲ್ಮಿಗೆ ಮಂಜು ಕವಿಸುತ್ತದೆ.

ಕನ್ನಡಿಯ ವಿಷಯದಲ್ಲಿ ಒಂದು ಸತ್ಯ ಮುಚ್ಚಿಡುವುದು ಸರಿಯಲ್ಲ. ಷಟರ್ ಫಿಲ್ಮಿನ ಮುಂದಿನ ಕಿಂಡಿಯನ್ನು (ಗೇಟ್) ಮುಚ್ಚಿದಾಗ ಬೆಳಕು ಕನ್ನಡಿಯಿಂದ ನಿಮ್ಮ ಕಣ್ಣಿಗೆ, ತೆರೆದಾಗ ಫಿಲ್ಮಿಗೆ. ಸೆಕೆಂಡಿಗೆ 24 ಫ್ರೇಮು, ಪ್ರತಿ ಫ್ರೇಮಿಗೆ ಸುಮಾರು ಸೆಕೆಂಡಿನ 48ನೇ ಒಂದು ಭಾಗ ಬೆಳಕು, ಅಷ್ಟೇ ಹೊತ್ತು ಕತ್ತಲೆ. ಅಂದರೆ ನೀವು ಕಂಡದ್ದು ಫಿಲ್ಮಿನಲ್ಲಿಲ್ಲ, ಫಿಲ್ಮಿನಲ್ಲಿರುವುದನ್ನು ನೀವು ಕಂಡಿಲ್ಲ. ಖಳನಾಯಕನ ಬಂದೂಕಿನ ಕಿಡಿ ನಿಮಗೆ ಚೆನ್ನಾಗಿ ಕಾಣಿಸಿತೆಂದರೆ ಇನ್ನೊಂದು ಟೇಕ್ ಕೇಳಿ.

ಟೇಪು ನಂಬಿ, ನಾಯಕನನ್ನು ನಂಬಬೇಡಿ

ಕ್ಯಾಮೆರಾದ ಪಕ್ಕದಲ್ಲಿ ಒಂದು ಸೊನ್ನೆ, ಅದನ್ನು ಸೀಳಿದ ಗೆರೆ ಇದೆ. ಫಿಲ್ಮ್ ಕೂರುವ ಜಾಗ ಅದು. ಟೇಪು ಅಲ್ಲಿಂದ ನಟರ ಕಣ್ಣಿಗೆ ಹೋಗಬೇಕು. ಲೆನ್ಸಿನ ಮೂತಿಯಿಂದಲ್ಲ, ನಟರ ಮೂಗಿಗಲ್ಲ. ಮೂಗಿಗೂ ಕಣ್ಣಿಗೂ ಎಷ್ಟು ಮಹಾ ವ್ಯತ್ಯಾಸ ಎನ್ನುವವರಿಗೆ ಲೆಕ್ಕ ಹೀಗಿದೆ. 50 ಮಿಲಿಮೀಟರ್ ಲೆನ್ಸ್, ಅಪರ್ಚರ್ ಎರಡು, ನಟಿ ಎರಡು ಮೀಟರ್ ದೂರ: ಸ್ಪಷ್ಟವಾಗಿರುವ ಆಳ ಒಟ್ಟು 16 ಸೆಂಟಿಮೀಟರಿನಷ್ಟು. ಅದೇ ಜಾಗದಲ್ಲಿ 75 ಮಿಲಿಮೀಟರ್ ಹಾಕಿದರೆ 7 ಸೆಂಟಿಮೀಟರ್. ಭಾವುಕ ದೃಶ್ಯದಲ್ಲಿ ಒಂದು ನಿಟ್ಟುಸಿರಿಗೆ ತಲೆ ಇಷ್ಟು ಮುಂದೆ ಬರುತ್ತದೆ. ಬಿಸಿಲಿನಲ್ಲಿ 25 ಮಿಲಿಮೀಟರ್ ಲೆನ್ಸನ್ನು ಎಂಟಕ್ಕೆ ಮುಚ್ಚಿದವರ ಪುಣ್ಯವೇ ಬೇರೆ: ಮೂರು ಮೀಟರ್ ಚಿಲ್ಲರೆಗೆ ಫೋಕಸ್ ಇಟ್ಟರೆ ಒಂದೂವರೆ ಮೀಟರಿನಿಂದ ಬೆಟ್ಟದವರೆಗೂ ಎಲ್ಲ ಸ್ಪಷ್ಟ. ಆ ದಿನ ಫೋಕಸ್ ಉಂಗುರ ತಿರುಗಿಸುವ ಸಹಾಯಕರು, ಅಂದರೆ ಫೋಕಸ್ ಪುಲ್ಲರ್, ಊಟ ಮಾಡಬಹುದು.

ಸ್ಕೋಪ್ ಲೆನ್ಸ್ ಬಂದರೆ ಈ ಭಾಗವನ್ನು ಎರಡು ಸಲ ಓದಿ. ಅಷ್ಟೇ ಅಗಲದ ನೋಟಕ್ಕೆ ಅಲ್ಲಿ ಎರಡರಷ್ಟು ಉದ್ದದ ಲೆನ್ಸ್ ಬೇಕು, ಆಳ ಕುಗ್ಗುತ್ತದೆ. 1959ರಲ್ಲಿ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ ಅನ್ನು ಚಿತ್ರಿಸಿದವರು ಮೈಸೂರಿನ ವಿ.ಕೆ. ಮೂರ್ತಿ. ಆ ಚಿತ್ರ ನೋಡುವಾಗ ಎಲ್ಲರೂ ಅದರ ಪ್ರಸಿದ್ಧ ಬೆಳಕಿನ ಕೋಲನ್ನು ಹೊಗಳುತ್ತಾರೆ. ಉಂಗುರ ತಿರುಗಿಸಿದ ಸಹಾಯಕರ ಕೈಗಳಿಗೂ ಒಂದು ನಮಸ್ಕಾರ ಸಲ್ಲಬೇಕು.

ಎಲ್ಲ ಸರಿಯಾಗಿ ಅಳೆದೂ ರಶಸ್ (ಲ್ಯಾಬಿನಿಂದ ಬರುವ ಮೊದಲ ಪ್ರತಿ) ಮಸುಕಾಗಿ ಬಂದರೆ? ಲೆನ್ಸ್ ಕೂರುವ ಮುಖದಿಂದ ಫಿಲ್ಮಿಗೆ 52 ಮಿಲಿಮೀಟರ್ ಇರಬೇಕು. ಜೀಪಿನಲ್ಲಿ ಕುಲುಕಿದ ಕ್ಯಾಮೆರಾದಲ್ಲಿ ಇದು 0.02 ಮಿಲಿಮೀಟರ್ ಹೆಚ್ಚಾದರೆ, ಅನಂತಕ್ಕೆ ಇಟ್ಟ 18 ಮಿಲಿಮೀಟರ್ ಲೆನ್ಸ್ 16 ಮೀಟರಿನ ಬಳಿಯೇ ಫೋಕಸ್ ಹಿಡಿದು ನಿಲ್ಲುತ್ತದೆ. ಅದೇ ತಪ್ಪಿಗೆ 100 ಮಿಲಿಮೀಟರ್ ಲೆನ್ಸ್ 500 ಮೀಟರ್‌ವರೆಗೂ ಹೋಗುತ್ತದೆ. ವೈಡ್ ಲೆನ್ಸ್ ಎಲ್ಲವನ್ನೂ ಕ್ಷಮಿಸುತ್ತದೆ ಎಂಬುದು ಸೆಟ್ಟಿನ ದೊಡ್ಡ ಮೂಢನಂಬಿಕೆ. ನಟನ ತಪ್ಪನ್ನು ಕ್ಷಮಿಸುತ್ತದೆ, ಕ್ಯಾಮೆರಾದ ತಪ್ಪನ್ನಲ್ಲ. ರಶಸ್ ಮಸುಕಾದ ಸುದ್ದಿ ಮದ್ರಾಸಿನ ಲ್ಯಾಬಿನಿಂದ ಬರುವಷ್ಟರಲ್ಲಿ ನೀವು ಮಲೆನಾಡಿನ ಲೊಕೇಶನ್ ಬಿಟ್ಟಾಗಿರುತ್ತದೆ.

ಸದ್ದು

ಗುಂಡಿ ಒತ್ತಿ. ಕೇಳಿಸಿತಲ್ಲ?

ಒಳಗೆ ನಡೆಯುತ್ತಿರುವುದು ಇಷ್ಟು: ಒಂದು ಉಕ್ಕಿನ ಉಗುರು ಫಿಲ್ಮಿನ ಅಂಚಿನ ತೂತಿಗೆ ಇಳಿದು, ಒಂದು ಫ್ರೇಮ್ ಕೆಳಗೆಳೆದು, ಹೊರಬಂದು, ಮತ್ತೆ ಮೇಲೇರುತ್ತದೆ. ಸೆಕೆಂಡಿಗೆ 24 ಸಲ ಫಿಲ್ಮ್ ಓಡಬೇಕು, 24 ಸಲ ಗಕ್ಕನೆ ನಿಲ್ಲಬೇಕು; ಒಂದು ಗಂಟೆ ಓಡಿದರೆ 86,400 ಸಲ. ಅದೃಷ್ಟಕ್ಕೆ 400 ಅಡಿಯ ಮ್ಯಾಗಜಿನ್ ನಾಲ್ಕೂವರೆ ನಿಮಿಷದೊಳಗೆ ಖಾಲಿಯಾಗುತ್ತದೆ. ಇದರ ಮೇಲೆ ಗಿಯರಿನ ಗುರುಗುಟ್ಟುವಿಕೆ, ಮೋಟಾರಿನ ಗುಂಯ್‌ಗಾಟ, ಗೇಟಿನ ಮೇಲೆ ಕೆಳಗೆ ಸಡಿಲ ಬಿಟ್ಟ ಫಿಲ್ಮ್ ಬಳುಕಿನ (ಲೂಪ್) ಪಟಪಟ. ಲೂಪನ್ನು ಸರಿಯಾದ ಉದ್ದಕ್ಕೆ ಕಟ್ಟಿ. ಸದ್ದು ಇಳಿಸಲು ನಿಮ್ಮ ಕೈಲಿರುವ ಏಕೈಕ ಬಿಟ್ಟಿ ಉಪಾಯ ಅದು. ಮೋಟಾರಿನ ವೇಗವನ್ನು ಮೀಟರ್ ನೋಡುತ್ತ ಕೈಯಲ್ಲೇ ಹೊಂದಿಸಬೇಕು, ಬ್ಯಾಟರಿ ಇಳಿದಂತೆ ಅದೂ ಇಳಿಯುತ್ತದೆ. ಹಾಗಾಗಿ ಸದ್ದು ನಿಂತರೂ ಮಾತು ತುಟಿಗೆ ಹೊಂದುವ ಭರವಸೆಯಿಲ್ಲ.

ಸದ್ದಡಗಿಸುವ ವಿಧಾನಗಳು

ವಿಧಾನ ಒಂದು: ಕ್ಯಾಮೆರಾಮನ್‌ರನ್ನೇ ಗಾಜಿನ ಕಿಟಕಿಯ ಕೋಣೆಯಲ್ಲಿ ಕೂಡಿಹಾಕುವುದು. ಟಾಕಿ ಬಂದ ಹೊಸತರಲ್ಲಿ, 1920ರ ದಶಕದ ಕೊನೆಗೆ, ಹಾಲಿವುಡ್ಡಿನಲ್ಲಿ ಇದನ್ನೇ ಮಾಡಿದರು. ಸದ್ದು ನಿಂತಿತು, ಕ್ಯಾಮೆರಾದ ಓಡಾಟವೂ ನಿಂತಿತು, ಒಳಗಿದ್ದವರ ಉಸಿರೂ ನಿಲ್ಲುವುದರಲ್ಲಿತ್ತು.

ವಿಧಾನ ಎರಡು: ಕ್ಯಾಮೆರಾವನ್ನೇ ಕೋಣೆ ಮಾಡುವುದು. 1934ರ ಮಿಚೆಲ್ ಬಿಎನ್‌ಸಿ ಇದರ ರಾಜ. ದಪ್ಪ ಕವಚದೊಳಗೆ ಯಂತ್ರ ಓಡುತ್ತಿದ್ದುದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಲೆನ್ಸಿನ ಮೂಲಕ ನೋಡಬೇಕೆಂದರೆ ಕ್ಯಾಮೆರಾದ ಒಡಲನ್ನೇ ಪಕ್ಕಕ್ಕೆ ಸರಿಸಬೇಕು; ನೋಡಿಯಾದ ಮೇಲೆ ವಾಪಸು ಸರಿಸಿ, ಪಕ್ಕದ ಫೈಂಡರಿನಲ್ಲಿ ಅಂದಾಜು ನೋಡುತ್ತ ಷಾಟ್ ತೆಗೆಯಬೇಕು. ಷಾಟ್ ನಡೆವಾಗ ಫೋಕಸ್ ಹೇಗಿದೆಯೆಂದು ಯಾರಿಗೂ ಕಾಣದು. 1975ರ ‘ಬ್ಯಾರಿ ಲಿಂಡನ್’ಗಾಗಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಇದೇ ಬಿಎನ್‌ಸಿಗೆ ನಾಸಾಗಾಗಿ ತಯಾರಾಗಿದ್ದ ಝೈಸ್ 50 ಮಿಲಿಮೀಟರ್ ಲೆನ್ಸ್ ಕೂರಿಸಿದ. ಅಪರ್ಚರ್ 0.7, ಬೆಳಕು ಬರೀ ಮೇಣದ ಬತ್ತಿಯದು. ಎರಡು ಮೀಟರಿನಲ್ಲಿ ಸ್ಪಷ್ಟ ಆಳ ಆರು ಸೆಂಟಿಮೀಟರೂ ಇಲ್ಲ, ನಟ ಅದರೊಳಗಿದ್ದಾನೋ ಎಂಬುದು ಕ್ಯಾಮೆರಾದ ಕಡೆಯಿಂದ ನೋಡಿದರೆ ತಿಳಿಯುವಂತಿಲ್ಲ. ಕೊನೆಗೆ ನಟರ ಪಕ್ಕಕ್ಕೆ ಲಂಬವಾಗಿ ಒಂದು ವಿಡಿಯೊ ಕ್ಯಾಮೆರಾ ನಿಲ್ಲಿಸಿ, ಅದರ ಪರದೆ ನೋಡುತ್ತ ಫೋಕಸ್ ಎಳೆದರು. ಮೌನ ಕ್ಯಾಮೆರಾದ ಕುರುಡಿಗೆ ಇದಕ್ಕಿಂತ ದುಬಾರಿ ಊರುಗೋಲು ನನಗೆ ಗೊತ್ತಿಲ್ಲ.

ವಿಧಾನ ಮೂರು: ಟು-ಸಿಗೆ ಬ್ಲಿಂಪ್ ಎಂಬ ಸದ್ದುತಡೆ ಕವಚ ತೊಡಿಸುವುದು. ಸಿಗುತ್ತದೆ. ತೊಡಿಸಿದ ಮೇಲೆ ಹೆಗಲಿಗೇರುವುದಿಲ್ಲ, ಉಂಗುರ ಕೈಗೆ ಸಿಗುವುದಿಲ್ಲ, ಮುಂದಿನ ಗಾಜಿನಲ್ಲಿ ದೀಪದ ಪ್ರತಿಬಿಂಬ ಕುಣಿಯುತ್ತದೆ. ಹಗುರ ಕ್ಯಾಮೆರಾ ತಂದ ಕಾರಣವೇ ಹೋಯಿತು.

ವಿಧಾನ ನಾಲ್ಕು: ಕಂಬಳಿ. ಎಲ್ಲ ಯೂನಿಟ್ಟಿನಲ್ಲೂ ಇರುತ್ತದೆ. ಚಳಿಗಾಲದಲ್ಲಿ ಕ್ಯಾಮೆರಾಗೆ ಹೊದಿಸುವುದೋ ಅಟೆಂಡರಿಗೋ ಎಂಬುದನ್ನು ಮೊದಲೇ ತೀರ್ಮಾನಿಸಿ.

ವಿಧಾನ ಐದು: ದೂರ ಹೋಗುವುದು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಮುಖ ಅಷ್ಟೇ ದೊಡ್ಡದಾಗಿ ಕಾಣಲು ಲೆನ್ಸೂ ಎರಡರಷ್ಟು ಉದ್ದವಾಗಬೇಕು. ಆಗ ಸ್ಪಷ್ಟ ಆಳ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ ಎಂದು ಪುಸ್ತಕ ಸಮಾಧಾನ ಹೇಳುತ್ತದೆ. ಫೋಕಸ್ ಪುಲ್ಲರ್‌ಗೆ ಸಮಾಧಾನವಿಲ್ಲ: ಎರಡು ಮೀಟರಿನಲ್ಲಿದ್ದ 16 ಸೆಂಟಿಮೀಟರ್ ರಿಯಾಯಿತಿಯನ್ನೇ ಈಗ ನಾಲ್ಕು ಮೀಟರಿನಲ್ಲಿ ಹಿಡಿಯಬೇಕು, ಅಂದಾಜಿಗೆ ಸಿಗುವ ಮಾಫಿ ಅರ್ಧಕ್ಕಿಳಿಯಿತು. ಕಿವಿಗೆ ಕೊಟ್ಟದ್ದನ್ನು ಕಣ್ಣಿನಿಂದ ವಸೂಲಿ ಮಾಡುವುದು ಈ ಯಂತ್ರದ ಸ್ವಭಾವ.

ವಿಧಾನ ಆರು, ನಮ್ಮಲ್ಲಿ ಬಹುಮತದಿಂದ ಅಂಗೀಕಾರವಾದದ್ದು: ಸದ್ದಿಗೆ ಏನೂ ಮಾಡದಿರುವುದು. ಮಾತನ್ನು ಡಬ್ಬಿಂಗ್ ಥಿಯೇಟರಿನಲ್ಲಿ ಮತ್ತೆ ಆಡಿಸಿದರಾಯಿತು. ಹೀಗೆ ನಿರ್ಧರಿಸಿದ ಕ್ಷಣದಿಂದ ಸೆಟ್ಟಿನಲ್ಲಿ ಎಲ್ಲರಿಗೂ ನಾಲಿಗೆ ಬರುತ್ತದೆ. ಸಹಾಯಕ ನಿರ್ದೇಶಕರು ಸಂಭಾಷಣೆಯನ್ನು ಗಟ್ಟಿಯಾಗಿ ಪ್ರಾಂಪ್ಟ್ ಮಾಡುತ್ತಾರೆ, ನಟ ತುಟಿ ಅಲ್ಲಾಡಿಸುತ್ತಾನೆ, ನಿರ್ದೇಶಕರು ‘ಎಡಕ್ಕೆ ನೋಡಮ್ಮ, ಹಾಂ, ಈಗ ಕಣ್ಣೀರು’ ಎನ್ನುತ್ತಾರೆ, ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತದೆ. ಕನ್ನಡ ಬಾರದ ನಾಯಕಿ ಒಂದು, ಎರಡು, ಮೂರು ಎಂದು ಎಣಿಸಿದರೂ ನಡೆಯುತ್ತದೆ. ಫೋಕಸ್ ಮಾತ್ರ ಚೊಕ್ಕಟ.

ನಿರ್ಮಾಪಕರ ಲೆಕ್ಕ ತಪ್ಪಲ್ಲ ಎಂಬುದನ್ನು ಒಪ್ಪಬೇಕು. ಕೆಟ್ಟ ಸದ್ದನ್ನು ಆಮೇಲೆ ಬದಲಿಸಬಹುದು, ತಪ್ಪಿದ ಫೋಕಸನ್ನು ಯಾವ ಥಿಯೇಟರಿನಲ್ಲೂ ತುಂಬಲಾಗದು. ನನ್ನ ತಕರಾರು ಇರುವುದು ಅಭ್ಯಾಸದ ಮೇಲೆ. 1972ರಲ್ಲೇ ಅದೇ ಕಂಪನಿ 35ಬಿಎಲ್ ತಂದಿತು: ಕನ್ನಡಿಯೂ ಇದೆ, ಸದ್ದೂ ಕಡಿಮೆ, ಹೆಗಲಿಗೂ ಏರುತ್ತದೆ. ಕಣ್ಣು ಕಿವಿಗಳ ಜಗಳ ಆ ಹೊತ್ತಿಗೇ ಬಹುಪಾಲು ತೀರಿತ್ತು. ನಾವು ಡಬ್ಬಿಂಗನ್ನೇ ಮುಂದುವರಿಸಿದೆವು. 2001ರಲ್ಲಿ ‘ಲಗಾನ್’ ಸಿಂಕ್ ಸೌಂಡಿನಲ್ಲಿ, ಅಂದರೆ ಚಿತ್ರೀಕರಣದಲ್ಲೇ ಹಿಡಿದ ಮಾತಿನೊಂದಿಗೆ, ಬಂದಾಗ ಅದೇ ಒಂದು ಸುದ್ದಿಯಾಯಿತು. ಮಂಡ್ಯದ ಹಳ್ಳಿಯವರನ್ನೇ ನಟರಾಗಿಸಿದ ‘ತಿಥಿ’ಯಲ್ಲಿ ಸ್ಥಳದ ಮಾತನ್ನೇ ಕೇಳಿದಾಗ ನಮಗೆ ಹೊಸದೆನಿಸಿದ್ದು ಕತೆಯಷ್ಟೇ ಅಲ್ಲ, ಗಂಟಲು ಕೂಡ.

ಖಾತರಿ

ಫೋಕಸ್ ತಪ್ಪಿದ ನೆಗೆಟಿವಿಗೆ ಖಾತರಿ ಇಲ್ಲ. ಸದ್ದಿಗೆ ಮೊದಲಿಂದಲೂ ಇರಲಿಲ್ಲ. ಆದರೆ ಡಬ್ಬಿಂಗಿಗೆ ಆಧಾರವಾಗಲೆಂದು ಸ್ಥಳದಲ್ಲಿ ರೆಕಾರ್ಡ್ ಮಾಡುತ್ತಿದ್ದ ಪೈಲಟ್ ಟ್ರ್ಯಾಕಿನ ಟೇಪುಗಳು ನಿಮ್ಮ ಮನೆಯ ಅಟ್ಟದಲ್ಲೋ ಪರಿಚಯದ ಹಳೇ ನಿರ್ಮಾಪಕರ ಗೋಡೌನಿನಲ್ಲೋ ಇದ್ದರೆ, ಕಟಕಟ ಸದ್ದೇ ತುಂಬಿದೆ ಎಂದು ಗುಜರಿಗೆ ಹಾಕಬೇಡಿ. ಒಂದೇ ಲಯದ ಆ ಸದ್ದನ್ನು ಇಳಿಸುವ ಸಾಫ್ಟ್‌ವೇರ್ ಈಗ ಸಿಗುತ್ತದೆ. ಅದರ ಹಿಂದೆ ನಟರು ಆ ಬಿಸಿಲಲ್ಲಿ ನಿಜವಾಗಿ ಆಡಿದ ಮಾತಿದೆ. ಅದಕ್ಕೆ ಬೇರೆ ಪ್ರತಿ ಇಲ್ಲ. ದಯವಿಟ್ಟು ಡಿಜಿಟಲ್ ಮಾಡಿಸಿ ಇಡಿ.