ತೂಬಿಲ್ಲದ ಕೆರೆ

ಕೋಲಾರ ಸೀಮೆಯವರು ನೀರನ್ನು ನೋಡುವ ರೀತಿಯೇ ಬೇರೆ. ಉಳಿದ ಕಡೆಯವರು ನೀರು ಕಂಡರೆ ಕಾಲು ಇಳಿಬಿಡುತ್ತಾರೆ, ಕಲ್ಲೆಸೆದು ಕುಣಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಲೆಕ್ಕ ಹಾಕುತ್ತೇವೆ. ಇದು ಎಷ್ಟು ದಿನಕ್ಕೆ ಬಂದೀತು, ಎಷ್ಟು ಎಕರೆ ಹಿಡಿದೀತು, ಯಾರ ಪಾಲು ಎಷ್ಟು, ಹೀಗೆ ಬಯಲಿಗೆ ಬಿಟ್ಟವರು ಯಾರು? ಕೊಳವೆಬಾವಿ ಕೊರೆಸಿದವನನ್ನು ‘ನೀರು ಬಿತ್ತಾ?’ ಎಂದು ಕೇಳುವುದು ನಮ್ಮಲ್ಲಿ ಬರೀ ಉಪಚಾರ. ‘ಎಷ್ಟು ಇಂಚು?’ ಎಂದಾಗಲೇ ಮಾತು ನಿಜವಾಗಿ ಶುರುವಾಗುವುದು. ಇಂಥ ಸೀಮೆಯ ಒಂದು ಕುಟುಂಬ ರಾತ್ರಿಯೆಲ್ಲ ರೈಲಿನಲ್ಲಿ ಕೂತು, ಟಿಕೆಟ್ಟು ಕೊಂಡು, ದೋಣಿ ಹತ್ತಿ, ಸಮುದ್ರದೊಳಗಿನ ದ್ವೀಪಕ್ಕೆ ಈಜಾಡಲು ಹೋಗುವುದೆಂದರೆ ಊರಲ್ಲಿ ನಾಲ್ಕು ಜನ ಮಾತಾಡಿಕೊಳ್ಳಲೇಬೇಕು. ಮಾತಾಡಿಕೊಂಡರು.

ಯೋಜನೆ ಅಕ್ಕನ ಮಗನದು. ಅವನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ತಿಂಗಳಿಗಿಷ್ಟೆಂದು ಫೀಜು ಕಟ್ಟಿ ಈಜುಕೊಳದಲ್ಲಿ ಈಜು ಕಲಿತಿದ್ದಾನೆ. ಕಲಿತ ವಿದ್ಯೆಯನ್ನು ನೆಂಟರ ಮುಂದೆ ತೋರಿಸದಿದ್ದರೆ ಕಟ್ಟಿದ ಫೀಜು ದಂಡವಲ್ಲವೇ! ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ, ಅಲ್ಲಿ ನೀರು ತಿಳಿಯಾಗಿರುತ್ತದೆ, ಈಜಲೆಂದೇ ಜಾಗ ಗುರುತು ಮಾಡಿದ್ದಾರೆ ಎಂದು ಹೊರಡಿಸಿಬಿಟ್ಟ. ನಾನು, ನಮ್ಮಾಕೆ, ಅವನು, ಜೊತೆಗೆ ನಮ್ಮ ದೊಡ್ಡಪ್ಪ. ದೊಡ್ಡಪ್ಪನದು ನೀರುಗಂಟಿಗಳ ಮನೆತನ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ವಂಶದ ಕೆಲಸ. ಹಂಚಲು ನೀರಿಲ್ಲದೆ ಎಷ್ಟೋ ವರ್ಷವಾದರೂ ಗತ್ತು ಮಾತ್ರ ಬತ್ತಿಲ್ಲ. ‘ಸಮುದ್ರ ನೋಡ್ಕಂಡು ಬರೋದಲ್ಲ, ತಪಾಸಣೆ ಮಾಡ್ಕಂಡು ಬರಾನ’ ಎಂದು ಹೆಗಲಿಗೆ ಟವೆಲು ಹಾಕಿಕೊಂಡು ಎದ್ದೇಬಿಟ್ಟರು.

ಹಾಗೆಂದು ನಮ್ಮೂರು ಬೇತಮಂಗಲದವರು ನೀರು ಕಾಣದವರೆಂದು ತಿಳಿಯಬೇಡಿ. ನಮ್ಮದು ಪಾಲಾರ್ ನದಿಗೆ ಅಡ್ಡ ಕಟ್ಟಿದ ಕೆರೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ, ಬಾಣ ಅರಸರ ಕಾಲದ್ದು. ಈ ಕೆರೆ ಒಡೆದುಹೋಗಿ 10ನೇ ಶತಮಾನದಲ್ಲಿ ನೊಳಂಬರ ಇರಿವನ ಕಾಲದಲ್ಲಿ ದುರಸ್ತಿಯಾಯಿತೆಂದು ಶಾಸನ ಹೇಳುತ್ತದೆ. 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬ ಮತ್ತೊಮ್ಮೆ ಕಟ್ಟಿಸಿದ. ಎಂದರೆ ನಮ್ಮ ಕೆರೆ ರಿಪೇರಿ ಕಾಮಗಾರಿಗೆ ಸಾವಿರ ವರ್ಷದ ಇತಿಹಾಸವಿದೆ, ಇವತ್ತಿನ ಯಾವ ಗುತ್ತಿಗೆದಾರನೂ ತಾನೇ ಮೊದಲಿಗನೆಂದು ಬೀಗುವಂತಿಲ್ಲ. ಒಂದು ಕಾಲಕ್ಕೆ ಬೇತಮಂಗಲ ತಾಲ್ಲೂಕು ಕೇಂದ್ರವೂ ಆಗಿತ್ತು. ರೈಲು ನಮ್ಮೂರನ್ನು ಬಿಟ್ಟು ಆಚೆಯಿಂದ ಹೋಯಿತು, ಕಮಿಷನರ್ ಬೌರಿಂಗ್ ಸಾಹೇಬನ ಹೆಸರಿನ ಪೇಟೆ ಎದ್ದಿತು, ಕಚೇರಿಯೂ ರೈಲಿನ ಹಿಂದೆಯೇ ಹೋಯಿತು. ಆ ಬೌರಿಂಗ್‌ಪೇಟೆಯೇ ಇವತ್ತಿನ ಬಂಗಾರಪೇಟೆ. ಕೆರೆಯನ್ನು ಹೊತ್ತೊಯ್ಯಲು ಆಗಲಿಲ್ಲ, ಆದರೆ ಚಿನ್ನದ ಗಣಿಯವರು ಅದರ ನೀರನ್ನು ಪೈಪಿನಲ್ಲಿ ಕೆ.ಜಿ.ಎಫ್.ಗೆ ಒಯ್ದರು. ಚಿನ್ನ ಅವರದು, ನೀರು ನಮ್ಮದು. ಗಣಿ 2001ರಲ್ಲಿ ಮುಚ್ಚಿತು. ಕೆರೆ ಆಗಾಗ ಬತ್ತಿದರೂ 2021ರ ಮಳೆಗೆ ಕೋಡಿ ಬಿದ್ದಾಗ ಸುತ್ತಲಿನ ಊರುಗಳೆಲ್ಲ ಬಂದು ಏರಿಯ ಮೇಲೆ ನಿಂತಿದ್ದವು. ಅವತ್ತು ನಮ್ಮ ದೊಡ್ಡಪ್ಪ ಮದುವೆ ಗಂಡಿನ ಅಪ್ಪನ ಗತ್ತಿನಲ್ಲಿ ಓಡಾಡಿದರು.

ಈಜಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ತಲೆಮಾರು ನೋಡಿ ಹೇಳಬೇಕು. ದೊಡ್ಡಪ್ಪನ ಕಾಲದವರು ಸೊಂಟಕ್ಕೆ ಕತ್ತಾಳೆ ಬೆಂಡು ಕಟ್ಟಿಕೊಂಡು ತೋಟದ ಬಾವಿಗೆ ಧುಮುಕಿ ಕಲಿತವರು. ನನ್ನ ಕಾಲಕ್ಕೆ ಬಾವಿಗಳು ಬತ್ತಿ, ಕಸ ಹಾಕುವ ಗುಂಡಿಗಳಾಗಿ, ಅವುಗಳ ಪಕ್ಕದಲ್ಲೇ ಕೊಳವೆಬಾವಿಗಳು ಎದ್ದಿದ್ದವು. ಕೊಳವೆಬಾವಿಯಲ್ಲಿ ಹಾವು ಕೂಡ ಈಜು ಕಲಿಯಲಾರದು. ಹೀಗೆ ನಮ್ಮ ಮನೆಯಲ್ಲಿ ಅಜ್ಜನಿಗೆ ಈಜು ಬರುತ್ತದೆ, ಫೀಜು ಕಟ್ಟಿದ ಮೊಮ್ಮಗನಿಗೆ ಬರುತ್ತದೆ, ನಡುವಿನವನಾದ ನನಗೆ ಬರುವುದಿಲ್ಲ.

ಬಂಗಾರಪೇಟೆಯಲ್ಲಿ ರೈಲಿಗೆ ಕಾಯುತ್ತ ಪಾನಿಪುರಿ ತಿಂದೆವು. ಆ ಪಾನಿಪುರಿಯ ಪಾನಿ ಬಣ್ಣವೇ ಇಲ್ಲದೆ ತಿಳಿಯಾಗಿರುತ್ತದೆ. ಬರೀ ನೀರೆಂದು ನಂಬಿ ಬಾಯಿಗೆ ಹಾಕಿಕೊಂಡವರ ಕಣ್ಣಲ್ಲಿ ನೀರು ಬರುತ್ತದೆ. ನೀರಿಗೆ ಗತಿಯಿಲ್ಲದ ಸೀಮೆ ನಾಡಿಗೆಲ್ಲ ಹೆಸರಾದದ್ದು ಒಂದು ನೀರಿನಿಂದ ಎಂಬುದು ನಮ್ಮ ಹೆಮ್ಮೆ. ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದಾಗ ದೊಡ್ಡಪ್ಪ ರೈಲಿನ ಹೆಸರನ್ನು ಎರಡೆರಡು ಸಲ ಓದಿಸಿದರು. ‘ಒಂದು ರೈಲಿಗೆ ಐದು ಗಂಗೆ! ನಮ್ಮ ಜಿಲ್ಲೆಗೆ ಒಂದೂ ಕೊಟ್ಟಿಲ್ಲ’ ಎಂದು ಮಲಗಿದರು.

ಬೆಳಿಗ್ಗೆ ಉಡುಪಿಯಲ್ಲಿಳಿದು ಮಲ್ಪೆಗೆ ಹೋದೆವು. ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್ ಕೊಟ್ಟರು. ಕಿತ್ತಳೆ ಬಣ್ಣದ್ದು. ದೊಡ್ಡಪ್ಪ ಅದನ್ನು ಹಿಸುಕಿ ನೋಡಿ, ‘ನಮ್ ಕಾಲದಾಗೆ ಕತ್ತಾಳೆ ಬೆಂಡು, ಇವಾಗ ಕಿತ್ತಳೆ ಬೆಂಡು’ ಎಂದು ತೀರ್ಪು ಕೊಟ್ಟು ಕಟ್ಟಿಸಿಕೊಂಡರು. ದೋಣಿಯಲ್ಲಿ ಹಾಡು ಹಾಕಿದ್ದರು. ಹಾಡಿಗೆ ಕುಣಿಯುವವರು ಕುಣಿದರು, ಅಲೆಗೆ ಕುಣಿಯುವ ದೋಣಿಯಲ್ಲಿ ಬೇರೆ ಕುಣಿಯುವುದೇಕೆಂದು ನಾನು ಕಂಬ ಹಿಡಿದುಕೊಂಡೆ. ನಮ್ಮಾಕೆ ಕಣ್ಣು ಮುಚ್ಚಿ ಕೋಲಾರಮ್ಮನನ್ನು ನೆನೆಯುತ್ತಿದ್ದಳು. ದೊಡ್ಡಪ್ಪ ಮಾತ್ರ ಎದ್ದೆದ್ದು ದೋಣಿಯ ಅಂಚಿಗೆ ಬಗ್ಗಿ ನೋಡತೊಡಗಿದರು.

‘ಅಜ್ಜಾ, ಕೂತ್ಕೊಳ್ಳಿ ಮಾರಾಯ್ರೇ’ ಎಂದ ದೋಣಿಯವನು.

‘ಕೂತ್ಕಂತೀನಪ್ಪ. ಇದರ ಏರಿ ಯಾವ ಕಡೆ ಐತೆ?’

‘ಏರಿಯಾ? ಇದೆಲ್ಲ ಮಲ್ಪೆ ಏರಿಯಾವೇ ಅಜ್ಜಾ.’

‘ಅದಲ್ಲ, ಕಟ್ಟೆ. ಹೋಗಲಿ, ತೂಬು ಎಲ್ಲೈತೆ? ಕೋಡಿ ಎಲ್ಲೈತೆ?’

ದೋಣಿಯವನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಸಮುದ್ರಕ್ಕೆ ಎಂತ ಕೋಡಿ ಅಜ್ಜಾ? ಬಂದ ನೀರೆಲ್ಲ ಇಲ್ಲೇ ಇರ್ತದೆ’ ಎಂದ. ತೂಬಿಲ್ಲದ, ಕೋಡಿಯಿಲ್ಲದ, ನೀರುಗಂಟಿಯಿಲ್ಲದ ಇಷ್ಟು ದೊಡ್ಡ ಕೆರೆ! ದೊಡ್ಡಪ್ಪ ಇಲಾಖೆಯ ಮೇಲೆ ಕೋಪ ಬಂದವರಂತೆ ಕೂತರು. ಆಮೇಲೆ ಆಳವೆಷ್ಟೆಂದು ಕೇಳಿದರು. ‘ಇಲ್ಲಿ ಐದಾರು ಮಾರು ಇದ್ದೀತು’ ಎಂದ ದೋಣಿಯವನು. ಅವನು ಹೇಳಿದ್ದು ನೀರಿನ ಆಳ, ಇವರು ತಿಳಿದದ್ದು ನೀರು ಸಿಗುವ ಆಳ. ‘ಐದಾರು ಮಾರಿಗೇ ನೀರಾ! ನಮ್ ಕಡೆ 1500 ಅಡಿ ಹೋದ್ರೂ ಬರೀ ಧೂಳು ಕಣಪ್ಪ’ ಎಂದರು. ದೋಣಿಯವನ ಮುಖದಲ್ಲಿ ಇವರು ಯಾವ ಲೋಕದವರೋ ಎಂಬ ಅನುಮಾನ ಕಂಡಿತು.

‘ಘಟ್ಟದಿಂದ ಪಶ್ಚಿಮಕ್ಕೆ ಇಳಿಯೋ ಹೊಳೆಗಳೆಲ್ಲ ಈ ಸಮುದ್ರಕ್ಕೇ ಸೇರೋದು ತಾತ. ಎತ್ತಿನಹೊಳೆಯೂ ನೇತ್ರಾವತಿಗೆ ಸೇರಿ ಇಲ್ಲಿಗೇ ಬರ್ತಿತ್ತು’ ಎಂದು ಅಕ್ಕನ ಮಗ ಜ್ಞಾನ ಹಂಚಿದ. ಅದನ್ನು ಹೇಳಬಾರದಿತ್ತು. ಆ ಹೊಳೆಯ ನೀರನ್ನು ನಮ್ಮ ಕಡೆಗೆ ತಿರುಗಿಸುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಆದಾಗಿನಿಂದ ಇಪ್ಪತ್ನಾಲ್ಕು ಟಿಎಂಸಿಯಲ್ಲಿ ನಮ್ಮ ಪಾಲಿಗೆ ಕಾದು ಕೂತ ಸೀಮೆ ನಮ್ಮದು. ದೊಡ್ಡಪ್ಪ ಸಮುದ್ರವನ್ನು ಒಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ‘ಅಂದ್ರೆ ನಮ್ಮ ನೀರು ಇಲ್ಲೈತೆ ಅನ್ನು’ ಎಂದರು. ಅಲ್ಲಿಂದ ಮುಂದೆ ಅವರು ಪ್ರವಾಸಿಯಾಗಿ ಉಳಿಯಲಿಲ್ಲ, ಹಕ್ಕುದಾರರಾದರು.

ದ್ವೀಪದಲ್ಲಿಳಿದರೆ ತೆಂಗಿನ ಮರ, ಚಿಪ್ಪುಗಳ ದಂಡೆ, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲಿನ ಕಂಬಗಳು. ಯಾರೋ ಅಳತೆ ಹಿಡಿದು ಕಡೆದು ಒತ್ತಾಗಿ ಜೋಡಿಸಿದಂತೆ ಆರು ಮೂಲೆಯವು, ಐದು ಮೂಲೆಯವು. ಯಾವ ಶಿಲ್ಪಿಯೂ ಕಡೆದದ್ದಲ್ಲ. ಉಕ್ಕಿದ ಲಾವಾ ಆರುತ್ತ ಕುಗ್ಗಿ, ಕುಗ್ಗುತ್ತ ಬಿರಿದು ಹೀಗಾದದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನ ಲಾವಾ ಅದು. ಅಣ್ಣತಮ್ಮಂದಿರು ಪಾಲಾದಾಗ ನೆಟ್ಟ ಬಾಂದುಕಲ್ಲುಗಳ ಹಾಗೆ ಇವತ್ತಿಗೂ ನಿಂತಿವೆ. ಮಡಗಾಸ್ಕರ್ ತನ್ನ ಪಾಲು ತೆಗೆದುಕೊಂಡು ಆಫ್ರಿಕಾದ ಪಕ್ಕ ಸಂಸಾರ ಹೂಡಿದೆ, ತಂಟೆ ತಕರಾರಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯಮ್ಮನ ಹೆಸರಿಟ್ಟ ಎಂದು ಕತೆ ಹೇಳುತ್ತಾರೆ. ಇಲ್ಲಿಯವರು ತಮ್ಮ ಪಾಡಿಗೆ ತೋನ್ಸೆ ಪಾರ್ ಎನ್ನುತ್ತಾರೆ.

ಈ ಕಲ್ಲುಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಅಕ್ಕನ ಮಗ ಮೊಬೈಲು ತಡಕಿ ಪಟ್ಟಿ ಓದುತ್ತ ಹೋದವನು ತಟ್ಟನೆ ನಿಂತ. ‘ಮಾವ, ಇದರಲ್ಲಿ ನಮ್ಮ ಪೆದ್ದಪಲ್ಲಿಯೂ ಇದೆ!’ ನಿಜ. ಕೆ.ಜಿ.ಎಫ್. ಚಿನ್ನದ ಪಟ್ಟಿಯ ಪೆದ್ದಪಲ್ಲಿಯಲ್ಲಿ ಇರುವ ಬಂಡೆಗಳೂ ಇಂಥದೇ ಸ್ಮಾರಕ. ವಯಸ್ಸು 270 ಕೋಟಿ ವರ್ಷದ ಆಸುಪಾಸು. ಅದರ ಮುಂದೆ ಈ ದ್ವೀಪದ ಕಲ್ಲುಗಳು ಇನ್ನೂ ತೊಟ್ಟಿಲಲ್ಲಿ ಇರಬೇಕಾದವು. ಇಲ್ಲಿಗೆ ಟಿಕೆಟ್ಟು ಕೊಂಡು ದೋಣಿ ಹತ್ತಿ ಬಂದ ನಮ್ಮಲ್ಲಿ ಒಬ್ಬರೂ ಪೆದ್ದಪಲ್ಲಿಯ ಬಂಡೆಯ ಹತ್ತಿರ ಸುಳಿದವರಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ಹಿತ್ತಲ ಬಂಡೆಯನ್ನೂ ಸೇರಿಸಿಕೊಳ್ಳಬಹುದು.

ಪೆದ್ದಪಲ್ಲಿಯ ಬಂಡೆಗಳಲ್ಲಿ ದಿಂಬಿನಾಕಾರದ ಲಾವಾ ಇದೆ. ಲಾವಾ ನೀರಿನಡಿ ಉಕ್ಕಿದರೆ, ಇಲ್ಲವೇ ನೀರಿಗೆ ಹರಿದು ಬಿದ್ದರೆ ಮಾತ್ರ ದಿಂಬಾಗುತ್ತದೆ. ಇದನ್ನು ಕೇಳಿದ್ದೇ ದೊಡ್ಡಪ್ಪನ ಕಿವಿ ನಿಮಿರಿತು.

‘ಅಂದ್ರೆ ನಮ್ ಕಡೆನೂ ಹಿಂಗೇ ನೀರಿತ್ತಾ?’

‘ಇತ್ತು ತಾತ.’

‘ಆ ನೀರು ಎಲ್ಲೋಯ್ತು? ಹೋಗೋವಾಗ ಬರಕೊಟ್ಟೋರು ಯಾರು?’

ಇದಕ್ಕೆ ಮೊಬೈಲಿನಲ್ಲೂ ಉತ್ತರ ಸಿಗಲಿಲ್ಲ.

ಈಜಲೆಂದು ಗುರುತು ಮಾಡಿದ ಜಾಗ ನಿಜಕ್ಕೂ ಚೆನ್ನ. ಬಂಡೆಗಳು ಅಲೆಯ ಸೊಕ್ಕನ್ನು ಹೊರಗೇ ಮುರಿದು, ಒಳಗೆ ತಣ್ಣನೆಯ ಹಸಿರು ನೀರನ್ನು ಬಿಟ್ಟಿವೆ. ಕಾಲ ಬೆರಳು ಎಣಿಸಬಹುದಾದಷ್ಟು ತಿಳಿ. ಕಾವಲಿಗೆ ಸೀಟಿ ಹಿಡಿದವರು ನಿಂತಿದ್ದರು. ಬಂಡೆಯ ತುದಿಗೆ ಹೋಗಿ ಸೆಲ್ಫಿ ತೆಗೆಯುವವರಿಗೆ ಒಂದು ಸೀಟಿ, ಗುರುತು ದಾಟುವವರಿಗೆ ಎರಡು ಸೀಟಿ. ಆ ಬಂಡೆಗಳಿಂದ ಜಾರಿ ಪ್ರಾಣ ಕಳೆದುಕೊಂಡ ಮಕ್ಕಳಿದ್ದಾರೆ, ಸೀಟಿಗೆ ಅರ್ಥವಿದೆ. ಅಕ್ಕನ ಮಗ ಟೋಪಿ, ಕನ್ನಡಕ, ಮೂಗಿನ ಕ್ಲಿಪ್ಪು ಎಲ್ಲ ಧರಿಸಿ ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರಂತೆ ಇಳಿದ. ಈಜುಕೊಳದ ನೀರು ನಿಂತಲ್ಲಿ ನಿಂತಿರುತ್ತದೆ, ಇದು ಹೋಗಿಬಂದು ಮಾಡುವ ನೀರು. ಅವನು ಮುಂದಕ್ಕೆ ಎಷ್ಟು ಕೈ ಬೀಸಿದರೂ ಇದ್ದಲ್ಲೇ ಇದ್ದ.

ದೊಡ್ಡಪ್ಪ ಪಂಚೆಯನ್ನು ಕಚ್ಚೆ ಕಟ್ಟಿ ಇಳಿದರು. ಎರಡು ಸಲ ಮುಳುಗಿ ಎದ್ದು, ಅಂಗಾತ ಮಲಗಿ, ಕೈಕಾಲು ಆಡಿಸದೆ ಆಕಾಶ ನೋಡುತ್ತ ತೇಲತೊಡಗಿದರು. ಸೀಟಿಯವನು ಗಾಬರಿಯಾಗಿ ಊದಿದ. ಕಾಲು ಅಲ್ಲಾಡಿಸಿ, ಬದುಕಿದ್ದೇನೆಂದು ತಿಳಿಸಿದರು. ಸುತ್ತಲಿದ್ದ ಹುಡುಗರು ಅಕ್ಕನ ಮಗನನ್ನು ಬಿಟ್ಟು ದೊಡ್ಡಪ್ಪನ ವೀಡಿಯೋ ತೆಗೆದರು. ನಾನು ಮೊಣಕಾಲುದ್ದದ ನೀರಿನಲ್ಲಿ ನಿಂತು ಎಲ್ಲರ ಚಪ್ಪಲಿ ಕಾಯುವ ಹೊಣೆ ಹೊತ್ತೆ.

ಅಷ್ಟರಲ್ಲಿ ಇಳಿತದ ಹೊತ್ತಾಗಿತ್ತು. ನನ್ನ ಮೊಣಕಾಲಿನ ನೀರು ಮೀನಖಂಡಕ್ಕೆ ಇಳಿದಿತ್ತು. ದೊಡ್ಡಪ್ಪ ಧಡಕ್ಕನೆ ಎದ್ದು ಕೂತು, ‘ನೀರು ಇಳೀತಾ ಐತೆ. ಎಲ್ಲೋ ತೂಬು ಎತ್ತವ್ರೆ!’ ಎಂದು ಕೂಗಿದರು. ಚಂದ್ರನ ಸೆಳೆತದ ಪಾಠವನ್ನು ಅಕ್ಕನ ಮಗ ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಕೊನೆಗೆ, ‘ಹಂಗಾದ್ರೆ ಇಲ್ಲಿ ಚಂದ್ರನೇ ನೀರುಗಂಟಿ ಅನ್ನು’ ಎಂದು ರಾಜಿಯಾದರು. ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿ, ‘ನಮ್ ನೀರಲ್ಲಿ ಫ್ಲೋರೈಡು, ಇವರ ನೀರಲ್ಲಿ ಉಪ್ಪು. ಹಕ್ಕು ಬಿಟ್ಟುಕೊಟ್ಟೀವ್ನಿ, ಇಟ್ಕಳ್ಳಲಿ’ ಎಂದು ಎತ್ತಿನಹೊಳೆಯ ವ್ಯಾಜ್ಯವನ್ನೂ ತೀರಿಸಿದರು.

ಮಲ್ಪೆಗೆ ಮರಳಿದಾಗ ಮೈಯೆಲ್ಲ ಉಪ್ಪು ಅಂಟಿತ್ತು. ಸಮುದ್ರದಲ್ಲಿ ಮಿಂದವರು ಮತ್ತೆ ಸಿಹಿನೀರಿನಲ್ಲಿ ಮೀಯಬೇಕಂತೆ, ಅದಕ್ಕೆ ದುಡ್ಡು ಕೊಡಬೇಕಂತೆ. ಮಾಡಿದ ಸ್ನಾನ ತೊಳೆಯಲು ಇನ್ನೊಂದು ಸ್ನಾನ ಎಂದು ನಮ್ಮಾಕೆ ಗೊಣಗಿದಳು. ಆದರೆ ಅಷ್ಟು ದೊಡ್ಡ ಸಮುದ್ರದ ಪಕ್ಕದಲ್ಲಿ ಜನ ದುಡ್ಡು ಹಿಡಿದು ಸಿಹಿನೀರಿಗೆ ಸಾಲು ನಿಂತದ್ದನ್ನು ಕಂಡು ದೊಡ್ಡಪ್ಪನ ಮುಖ ಅರಳಿತು. ‘ಈಗ ನೋಡು ನಮ್ಮೂರಿಗೆ ಬಂದಂಗಾಯ್ತು’ ಎಂದು ತಾವೂ ಸಾಲಿನಲ್ಲಿ ನಿಂತು, ಮುಂದಿನವನಿಗೆ ನೀರನ್ನು ಹಿಡಿತದಲ್ಲಿ ಸುರಿದುಕೊಳ್ಳುವುದು ಹೇಗೆಂದು ಹೇಳಿಕೊಡತೊಡಗಿದರು.

ನೀರು ಕಂಡರೆ ಲೆಕ್ಕ ಹಾಕುವುದು ರೋಗವೆಂದು ಬೆಂಗಳೂರಿನ ನೆಂಟರು ನಮ್ಮನ್ನು ಆಡಿಕೊಳ್ಳುತ್ತಾರೆ. ಅವರು ಬಳಸಿ ಬಿಟ್ಟ ನೀರನ್ನೇ ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಕಳಿಸುತ್ತಿದ್ದಾರೆ. ಮೊದಲೇ ಸ್ವಲ್ಪ ಲೆಕ್ಕ ಹಾಕಿದ್ದರೆ ಅಷ್ಟು ದೂರ ಪೈಪು ಹಾಕುವ ಖರ್ಚು ಉಳಿಯುತ್ತಿತ್ತೇನೋ! ನನಗಂತೂ ಇದು ರೋಗವಲ್ಲ, ಗುಣ. ಉಳಿದ ಜಿಲ್ಲೆಗಳವರಿಗೂ ಬೇಗ ಅಂಟಿದರೆ ಒಳ್ಳೆಯದು.

ನೀವು ಆ ದ್ವೀಪಕ್ಕೆ ಖಂಡಿತ ಹೋಗಿಬನ್ನಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಆ ತಿಂಗಳುಗಳನ್ನು ಬಿಟ್ಟು ಹೋಗಿ. ಕಿತ್ತಳೆ ಬೆಂಡು ಕಟ್ಟಿಕೊಳ್ಳಿ, ಸೀಟಿಯವನ ಮಾತು ಕೇಳಿ, ಬಂಡೆಯ ತುದಿಗೆ ಹೋಗಬೇಡಿ. ಮಳೆ ಚೆನ್ನಾಗಿ ಹಿಡಿದ ವರ್ಷ ಬೇತಮಂಗಲಕ್ಕೂ ಬನ್ನಿ. ಏರಿಯ ಮೇಲೆ ಎಷ್ಟು ಹೊತ್ತು ನಿಂತರೂ ಟಿಕೆಟ್ಟಿಲ್ಲ. ಆದರೆ ಸೋಪು ಹಿಡಿದು ಇಳಿಯಬೇಡಿ, ಅದು ಕುಡಿಯುವ ನೀರಿನ ಕೆರೆ. ನಮ್ಮ ದೊಡ್ಡಪ್ಪನ ಹತ್ತಿರ ಸೀಟಿಯಿಲ್ಲ, ದೊಣ್ಣೆಯಿದೆ.